ಅತ್ತೆ ತೆರೆದ ತೂಬು

ರಾಸೆಂಡೇಲ್, ಲ್ಯಾಂಕಾಶೈರ್
ಮಾರ್ಚ್ ೯, ೧೮೮೮

ಟ್ಯಾಬಿತಾ ಅತ್ತೆಯವರಿಗೆ,

ಎರಡು ಬೀದಿ ಆಚೆಗಿರುವ ನಿಮಗೆ ಅಂಚೆಚೀಟಿ ಹಚ್ಚಿ ಕಾಗದ ಬರೆಯುತ್ತಿದ್ದೇನೆಂದು ನಿಮ್ಮ ಮಗಳು ಎಲೆನ್ ನಗುತ್ತಿದ್ದಾಳೆ. ನಗಲಿ. ಎದುರಿಗೇ ಹೇಳೋಣವೆಂದು ಮೂರು ಸಲ ನಿಮ್ಮ ಬಾಗಿಲವರೆಗೆ ಬಂದಿದ್ದೆ. ಮೊದಲ ಸಲ ನೀವು ಯಾರದೋ ಹಾಸಿಗೆ ಬಟ್ಟೆ ಹಿಂಡುತ್ತಿದ್ದಿರಿ. ಅದು ನಿಮ್ಮ ಕೈಯಲ್ಲಿ ತಿರುಚಿಕೊಳ್ಳುತ್ತಿದ್ದ ರೀತಿ ನೋಡಿ, ನನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡು ಹಿಂದಿರುಗಿದೆ. ಉಳಿದೆರಡು ಸಲವೂ ಹಾಗೇ ಆಯಿತು.

ನಿನ್ನೆ ಸಂಜೆ ವಿದ್ಯಾಸಂಘದಲ್ಲಿ ನಡೆದದ್ದನ್ನು ಅರ್ಧ ಊರು ಈಗಾಗಲೇ ನಿಮಗೆ ಹೇಳಿರುತ್ತದೆ. ಆದರೂ ಮೊದಲಿನಿಂದ ನಾನೇ ಹೇಳಬೇಕು.

ಹೋದ ಜುಲೈ ನಿಮಗೆ ನೆನಪಿದೆ. ಮಾವನವರು ತೀರಿಕೊಂಡ ಮೇಲೆ ಬಟ್ಟೆ ಗಿರಣಿಯ ಉಗಿಯಂತ್ರ ನನ್ನ ಕೈಗೆ ಬಂದಿತ್ತು. ಅಲ್ಲಿಯವರೆಗೆ ಬಾಯ್ಲರ್‌ಗೆ ಕಲ್ಲಿದ್ದಲು ಸುರಿಯುವುದೊಂದೇ ನನಗೆ ಗೊತ್ತಿದ್ದ ವಿದ್ಯೆ. ನಮ್ಮ ಯಜಮಾನ ಗ್ರಿಮ್‌ಶಾ ಸಾಹೇಬರಿಗೆ ಆಗ ಬಂಗಾರದ ಮೀನಿನ ಹುಚ್ಚು ಹಿಡಿದಿತ್ತು. ಮ್ಯಾಂಚೆಸ್ಟರಿನಿಂದ ನಲವತ್ತು ಮೀನು ತರಿಸಿ ಗಿರಣಿಯ ಹೊಂಡಕ್ಕೆ ಬಿಟ್ಟರು. ಯಂತ್ರದಿಂದ ಹೊರಬೀಳುವ ಬಿಸಿನೀರು ಸೇರುವ ಆ ಬೆಚ್ಚಗಿನ ಹೊಂಡದಲ್ಲಿ ಮೀನುಗಳು ಪಾದ್ರಿಗಳ ಹಾಗೆ ಕೊಬ್ಬಿದವು. ಆಗಸ್ಟಿನ ಪ್ರದರ್ಶನದಲ್ಲಿ ಬಹುಮಾನ ಹೊಡೆಯುವ ಆಸೆಯಿಂದ ಸಾಹೇಬರು, "ತೊರೆ ನೀರಿನ ತೂಬು ಮುಚ್ಚಿಬಿಡು ಏಮಸ್. ತಣ್ಣೀರು ತಾಗಿ ಮೀನಿಗೆ ಶೀತ ಆದೀತು" ಅಂದರು. ಮುಚ್ಚಿದೆ.

ವಾರದೊಳಗೆ ಯಂತ್ರ ಕುಂಟತೊಡಗಿತು. ಮಗ್ಗಗಳು ನಿಧಾನವಾದವು. ನೇಯ್ದಷ್ಟಕ್ಕೇ ಕೂಲಿ ಸಿಗುವ ಹೆಂಗಸರು ಕಿಟಕಿಯಿಂದ ತಲೆ ಹಾಕಿ, "ಏಮಸ್, ನಿನ್ನ ಯಂತ್ರಕ್ಕೆ ಬಾಣಂತನವೇನೋ? ಅದನ್ನ ಮಲಗ್ಸಿ ನೀನೇ ಚಕ್ರ ತಿರುಗ್ಸು!" ಎಂದು ಬೈದರು. ಸಾಹೇಬರು ಇನ್ನಷ್ಟು ಕಲ್ಲಿದ್ದಲು ಹಾಕು ಅಂದರು. ಹಾಕಿದೆ. ಯಂತ್ರ ಇನ್ನೂ ಸೊರಗಿತು. ಶನಿವಾರದೊಳಗೆ ಸರಿಯಾಗದಿದ್ದರೆ ಬೇರೆಯವನನ್ನು ತರುತ್ತೇನೆಂದು ಅವರು ಹೇಳಿದಾಗ ಎಲೆನ್ ಹೆತ್ತು ಇನ್ನೂ ಹತ್ತು ದಿನವಾಗಿರಲಿಲ್ಲ.

ಅದಕ್ಕೇ ಆ ಶುಕ್ರವಾರ ಊಟದ ಡಬ್ಬಿ ತಂದದ್ದು ನೀವು. ನನ್ನ ಮುಖ ನೋಡಿದಿರಿ, ಯಂತ್ರದ ಸದ್ದು ಕೇಳಿದಿರಿ, ನೇರ ಹೊಂಡಕ್ಕೆ ಹೋಗಿ ಮೊಣಕೈಯವರೆಗೆ ಅದ್ದಿದಿರಿ.

"ಅಯ್ಯೋ ಮಂಕೇ, ಇದು ಹೊಂಡಾನೋ ನಾನು ಬಟ್ಟೆ ಕುದಿಸೋ ಹಂಡೆಯೋ? ದುಡಿದು ಬಂದ ಉಗೀನ ಈ ನೀರಲ್ಲಿ ತಣ್ಣಗೆ ಮಾಡ್ತೀನಿ ಅಂತ ಕೂತಿದ್ದೀಯಾ?"

"ಬೆಂಕಿ ಜೋರಾಗೇ ಇದೆಯಲ್ಲ ಅತ್ತೆ," ಅಂದೆ.

"ಬೆಂಕಿ ಒಂದೇ ಇದ್ರೆ ಸಾಕೇನೋ? ಬಿಸಿ ಅನ್ನೋದು ತಣ್ಣಗಿರೋ ಕಡೆಗೆ ಓಡ್ತದೆ. ಓಡೋ ದಾರೀಲಿ ನಿನ್ನ ಚಕ್ರಾನೂ ತಳ್ಳಿ ಹೋಗ್ತದೆ. ಆ ತುದೀನೂ ಬಿಸಿ ಮಾಡಿಟ್ರೆ ಅದು ಯಾವ ಸಂಭ್ರಮಕ್ಕೆ ಓಡ್ಬೇಕು? ನಿನ್ನ ಮಾವ ಮೂವತ್ತು ವರ್ಷಾನೂ ಮೊದ್ಲು ಹೊಂಡಕ್ಕೆ ಕೈಹಾಕಿ ನೋಡೋರು, ಆಮೇಲೆ ಬೆಂಕಿ ಕಡೆ ಹೋಗೋರು."

ಸಾಹೇಬರ ಅಪ್ಪಣೆ ಇಲ್ಲದೆ ತೂಬು ಮುಟ್ಟುವುದಿಲ್ಲವೆಂದು ನಾನು ತೊದಲುವಷ್ಟರಲ್ಲಿ ನೀವು ಲಂಗ ಎತ್ತಿ ಕಟ್ಟಿ ಹಿಡಿಕೆ ತಿರುಗಿಸಿದ್ದೂ ಆಯಿತು. ತೊರೆಯ ನೀರು ನುಗ್ಗಿ ಹೊಂಡ ತುಂಬಿ ಹರಿಯಿತು. ಮಧ್ಯಾಹ್ನ ಕಳೆಯುವುದರೊಳಗೆ ಯಂತ್ರ ಎದೆಯುಬ್ಬಿಸಿ ಉಸಿರಾಡಿತು, ಮಗ್ಗಗಳು ಚಟಪಟ ಹಾರಿದವು. ಸಾಹೇಬರ ಬಂಗಾರವೆಲ್ಲ ಕೋಡಿ ದಾಟಿ ತೊರೆಯ ಪಾಲಾಯಿತು.

ನನ್ನ ಪಾಪ ಶುರುವಾದದ್ದು ಅಲ್ಲಿಂದ. ಸದ್ದು ಕೇಳಿ ಓಡಿಬಂದ ಸಾಹೇಬರು ನನ್ನ ಕೈ ಕುಲುಕಿ, "ಭೇಷ್! ಈ ಉಪಾಯ ಯಾರದು?" ಎಂದರು. "ನಂದೇ ಸರ್," ಅಂದೆ. ಆಮೇಲೆ ಹೊಂಡ ನೋಡಿ ಬಿಳಿಚಿಕೊಂಡು, "ನನ್ನ ಮೀನು ಬಿಟ್ಟೋರು ಯಾರು?" ಎಂದರು. "ನಮ್ಮ ಅತ್ತೆ," ಅಂದೆ.

ನೀವು ಅಲ್ಲೇ ನಿಂತಿದ್ದಿರಿ. ಬಟ್ಟೆ ಒಗೆಯಲು ನೀವು ದಿನವೂ ಒಯ್ಯುತ್ತಿದ್ದ ಹೊಂಡದ ಬಿಸಿನೀರನ್ನು ಇನ್ನು ಮುಟ್ಟಬಾರದೆಂದು ನಿಮಗೆ ಅಂದೇ ಕಟ್ಟಪ್ಪಣೆಯಾಯಿತು. ಹೊರಡುವಾಗ ನೀವು, "ಬರ್ತೀನಿ ಅಳಿಯಂದ್ರೆ, ಊಟ ಮಾಡಿ," ಅಂದಿರಿ. ಅದುವರೆಗೆ ಮಂಕೇ, ಮುಠ್ಠಾಳಾ ಎಂದು ಬಾಯ್ತುಂಬ ಕರೆಯುತ್ತಿದ್ದವರು! ಆ ಮರ್ಯಾದೆ ಎಂಟು ತಿಂಗಳಿಂದ ನನ್ನನ್ನು ಕೊಲ್ಲುತ್ತಿದೆ. ಈ ಚಳಿಗಾಲವೆಲ್ಲ ನೀವು ತೊರೆಯಿಂದ ನೀರು ಹೊತ್ತು, ಸೌದೆ ಉರಿಸಿ, ಒಡೆದ ಕೈಗಳಲ್ಲಿ ಊರಿನ ಬಟ್ಟೆ ಒಗೆದಿರಿ. ನಾನು ಅದನ್ನು ಯಂತ್ರದ ಮನೆಯ ಕಿಟಕಿಯಿಂದ ನೋಡುತ್ತಿದ್ದೆ.

ನಿನ್ನೆ ವಿದ್ಯಾಸಂಘದಲ್ಲಿ ನನ್ನಿಂದ ಯಂತ್ರದ ಬಗ್ಗೆ ಭಾಷಣ. ಸಾಹೇಬರೇ ಅಧ್ಯಕ್ಷರು. ಬೆಂಕಿ, ಉಗಿ ಅಂತೆಲ್ಲ ಚೆನ್ನಾಗಿಯೇ ಉರುಹೊಡೆದಿದ್ದೆ. ಕೊನೆಗೆ ಮೇಷ್ಟ್ರು ಎದ್ದು, ತಣ್ಣೀರು ಯಾಕೆ ಬೇಕೆಂಬುದನ್ನು ಯಾವ ಪುಸ್ತಕದಿಂದ ಕಲಿತಿರಿ ಎಂದು ಕೇಳಿದರು. "ಪುಸ್ತಕ ಅಲ್ಲ ಸರ್, ನಮ್ಮ ಅತ್ತೆ," ಅಂದುಬಿಟ್ಟೆ. ಆಮೇಲೆ ನಿಲ್ಲಿಸಲಾಗಲಿಲ್ಲ. ಎಲ್ಲ ಹೇಳಿದೆ, ನನ್ನ ಸುಳ್ಳನ್ನೂ.

ಸಾಹೇಬರು ಕೆಂಪಾಗಿ, "ಅಂದ್ರೆ ನನ್ನ ಮೀನು?" ಎಂದರು.

"ಬಿಟ್ಟದ್ದು ಅವರೇ ಸರ್. ಆದ್ರೆ ತೂಬು ಮುಚ್ಚಿಸಿದ್ದು ತಾವು."

ನೇಕಾರ ಹೆಂಗಸರು ನಕ್ಕ ನಗುವಿಗೆ ಒಂದು ಬೆಂಚು ಮುರಿಯಿತು. ಆ ನಗೆಯ ನಡುವೆ ಸಾಹೇಬರು ಬೇರೇನೂ ಹೇಳಲಾರದೆ, ಇನ್ನು ಮೇಲೆ ನಿಮಗೆ ಬೇಕಾದಷ್ಟು ಬಿಸಿನೀರು ಒಯ್ಯಬಹುದು ಎಂದು ಒಪ್ಪಿಕೊಂಡರು. ನನ್ನ ಕೆಲಸ ಉಳಿದಿದೆ. ಮಾನದ ವಿಚಾರ ಕೇಳಬೇಡಿ.

ಈ ಸೋಮವಾರದಿಂದ ನಿಮ್ಮ ಬಾಗಿಲಿಗೆ ಎರಡು ಕೊಡ ಬಿಸಿನೀರು ನಾನೇ ಹೊತ್ತು ತರುತ್ತೇನೆ, ಪ್ರತಿ ಸೋಮವಾರವೂ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಬಾಗಿಲು ತೆಗೆಯಬೇಡಿ, ಹೊಸ್ತಿಲಲ್ಲಿಟ್ಟು ಹೋಗುತ್ತೇನೆ. ಆದರೆ ತಡಮಾಡದೆ ಒಳಗೊಯ್ಯಿರಿ. ಮಾರ್ಚಿನ ಗಾಳಿ ಯಾರ ಮುನಿಸು ಇಳಿಯುವವರೆಗೂ ಕಾಯುವುದಿಲ್ಲ.

ನಿಮ್ಮ ಕೈಗಳ ಬಿರುಕು ಬೇಗ ಮಾಯಲಿ. ದೇವರು ನಿಮ್ಮನ್ನು ನೂರು ವರ್ಷ ಬೆಚ್ಚಗಿಟ್ಟಿರಲಿ.

ತಪ್ಪೊಪ್ಪಿಕೊಂಡು, ಬೈಗುಳಕ್ಕೆ ಕಾದಿರುವ
ನಿಮ್ಮ ಅಳಿಯ,
ಏಮಸ್ ಪಿಲ್ಲಿಂಗ್