ಅನುಮತಿ ಪಡೆಯದೆ ಬದಲಾದ ಜೀವಕೋಶಗಳು

ಔಷಧ ಮಂಜೂರಾತಿಯ ಮಾನ್ಯ ಅಧಿಕಾರಿಗಳೇ,

ನನ್ನ ಅಕ್ಕ ಪಕೀರಮ್ಮನ ಕ್ಯಾನ್ಸರ್ ತಮ್ಮ ಕಚೇರಿಯ ಪೂರ್ವಾನುಮತಿ ಪಡೆಯದೆ ಸ್ವರೂಪ ಬದಲಿಸಿತು. ಈ ಅಶಿಸ್ತಿಗೆ ಕುಟುಂಬದ ಪರವಾಗಿ ಕ್ಷಮೆ ಕೋರುತ್ತೇನೆ. "ಹಿಂದಿನ ವರದಿಗೂ ಈಗಿನ ವರದಿಗೂ ತಾಳೆಯಾಗುತ್ತಿಲ್ಲ" ಎಂದು ತಾವು ಅವಳ ಔಷಧದ ಕಡತ ಹಿಂದಿರುಗಿಸಿದಿರಿ. ತಾಳೆಯಾಗದಿರುವುದೇ ಅವಳ ಕಾಯಿಲೆ ಎಂದು ಬರೆಯಲು ತಮ್ಮ ನಮೂನೆಯಲ್ಲಿ ಜಾಗವಿರಲಿಲ್ಲ.

ಅಕ್ಕ ಕುರ್ಡಿ ಗ್ರಾಮದಲ್ಲಿ ಇಪ್ಪತ್ತೆರಡು ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದಳು. ಮೂರು ವರ್ಷದ ಹಿಂದೆ ಥೈರಾಯ್ಡ್ ಗ್ರಂಥಿಯಲ್ಲಿ ನಿಧಾನಗತಿಯ ಕ್ಯಾನ್ಸರ್ ಎಂದು ಶಸ್ತ್ರಚಿಕಿತ್ಸೆಯಾಗಿ, ಮತ್ತೆ ಕೆಲಸಕ್ಕೆ ಹೋಗುತ್ತಿದ್ದಳು. ಈ ಜನವರಿಯಲ್ಲಿ ಮೂರೇ ವಾರಕ್ಕೆ ಕತ್ತಿನ ಗಂಟು ಮುಷ್ಟಿಯಷ್ಟಾಯಿತು, ದನಿ ಒಡೆಯಿತು. ರಾಯಚೂರಿನ ಡಾಕ್ಟರ್ ಶಶಿಕಲಾ ಹೊಸ ಪರೀಕ್ಷೆ ಮಾಡಿಸಿ ನನಗೆ ಹೇಳಿದರು:

"ಹಳಿ ರೋಗನ ರೂಪ ಬದಲಿ ಮಾಡ್ಕೊಂಡದ್ರಿ ಮಾಸ್ತರ್ರ. ಬೆಳಿಯಾಕ ಹಚ್ಚೋ ಜೀನ್ ಬಂದ್ ಆಗವಲ್ದು, ತಡಿಯೋ ಜೀನ್ ಕೆಲಸಾನ ಮಾಡವಲ್ದು. ಈ ಕೋಶಗಳು ತಾವು ಥೈರಾಯ್ಡಿನವು ಅನ್ನೋದನ್ನೂ ಮರ್ತಾವ. ಆ ಬೆಳಿಯಾಕ ಹಚ್ಚೋ ಜೀನಿಗೆ ಗುಳಿಗಿ ಅದ. ಆದ್ರ ರೋಗ ಕಾಯಂಗಿಲ್ಲ, ಲಗೂನ ಮಂಜೂರಿ ತರ್ರಿ."

ಇಷ್ಟನ್ನು ನನ್ನ ಹತ್ತನೇ ತರಗತಿಯ ಮಕ್ಕಳು ಒಂದೇ ಪೀರಿಯಡ್‌ನಲ್ಲಿ ಅರ್ಥ ಮಾಡಿಕೊಂಡರು. ತಮ್ಮ ಕಚೇರಿಗೆ ನನ್ನ ಮೂರು ಪತ್ರಗಳೂ ಸಾಲಲಿಲ್ಲ. ಎರಡೂ ವರದಿ ತನ್ನವೇ ಎಂದು ರೋಗಿ ಖುದ್ದು ಹಾಜರಾಗಿ ದೃಢಪಡಿಸಲಿ ಎಂದಿರಿ. ಅಷ್ಟರಲ್ಲಿ ಉಸಿರಾಟಕ್ಕೆಂದು ಅವಳ ಕತ್ತಿಗೆ ನಳಿಕೆ ಹಾಕಿದ್ದರು. ಹಾಗೆಯೇ ಕರೆತಂದೆ.

"ಹೆಸರು ಹೇಳ್ರಿ ಯವ್ವಾ," ಎಂದರು ತಮ್ಮ ಗುಮಾಸ್ತರು.

ಅಕ್ಕ ನಳಿಕೆ ತೋರಿಸಿ, ನನ್ನ ಪೆನ್ನು ತೆಗೆದುಕೊಂಡು ಬರೆದಳು: "ನಾನು ಪಕೀರಮ್ಮ. ಎರಡೂ ನನ್ನವೇ."

"ಬರದ್ರ ನಡಿಯಂಗಿಲ್ರಿ. ಬಾಯಿಲೆ ಹೇಳಬೇಕು."

ಅಕ್ಕನಿಗೆ ನಗು ಬಂತು. ಆ ನಗುವಿಗೂ ಸದ್ದಿರಲಿಲ್ಲ. ನಾನು ಮೇಜು ಗುದ್ದಿ ಕೂಗಾಡಿದೆ. ನನ್ನ ದುರ್ವರ್ತನೆಯ ಕುರಿತು ತಮ್ಮ ನೋಟಿಸ್ ಅದೇ ಸಂಜೆ ದೇವದುರ್ಗದ ನನ್ನ ಶಾಲೆಗೆ ತಲುಪಿತು. ಕಚೇರಿ ಇಷ್ಟು ಚುರುಕಾಗಿದೆಯೆಂದು ತಿಳಿದಿದ್ದರೆ ಮೊದಲ ದಿನವೇ ಗುದ್ದುತ್ತಿದ್ದೆ.

ಅದಾದ ಹನ್ನೊಂದನೇ ದಿನ ಅಕ್ಕ ತೀರಿಕೊಂಡಳು. ಗುಳಿಗೆ ಅವಳನ್ನು ಉಳಿಸುತ್ತಿತ್ತೆಂದು ಡಾಕ್ಟರ್ ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ಒಂದನ್ನಾದರೂ ನುಂಗಿ ನೋಡುವುದು ಬೇಡವೆಂದು ತೀರ್ಮಾನಿಸಿದವರು ಯಾರು? ವೈದ್ಯರಂತೂ ಅಲ್ಲ.

ಮಾನ್ವಿಯಲ್ಲಿ ಬಟ್ಟೆ ಹೊಲಿಯುವ ಮೆಹನಾಜ್ ಎಂಬವರ ಕಡತದ ಮೇಲೂ ತಾವು ಅದೇ ಆಕ್ಷೇಪಣೆ ಬರೆದಿದ್ದೀರಿ. ಆಕೆಯ ಗಂಡ ನಿನ್ನೆ ನನಗೆ ಫೋನ್ ಮಾಡಿದ್ದರು. ಆಕೆ ಇನ್ನೂ ಊಟ ಮಾಡುತ್ತಾರಂತೆ, ಮಾತಾಡುತ್ತಾರಂತೆ. ಆಕೆಯನ್ನು ಕಚೇರಿಗೆ ಕರೆಸಬೇಡಿ. ಆಕೆಯ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಇವತ್ತೇ ಸಹಿ ಮಾಡಿ.

ಇಂತಿ,
ಹೇಳಿದ ಕಾಗದಗಳನ್ನೆಲ್ಲ ತಂದುಕೊಟ್ಟು ದಿನ ಕಳೆದ ಮೂರ್ಖ,
ಕನಕರಾಯ
ವಿಜ್ಞಾನ ಶಿಕ್ಷಕ, ದೇವದುರ್ಗ