ಅಕ್ಕನ ಕಾಫಿಗೆ ಬಂದ ಮಾತು

ಫೆಬ್ರವರಿ 9, ಬೆಳಿಗ್ಗೆ 6
ಮೊನ್ನೆ, ಏಳನೇ ತಾರೀಕು, ಸಾವಯವ ಬೆಳೆಗಾರರ ಸಂಘದ ಸಭೆಯಲ್ಲಿ ಕಾಫಿ ಟೇಸ್ಟರ್ ಮೈಕ್ ಹಿಡಿದು ಹೇಳಿದ್ದು: "ಇದರಲ್ಲಿ ಔಷಧಿ ವಾಸನೆ ಇದೆ. ಕದ್ದು ಹೊಡೆದಿದ್ದಾರೆ." ಅಕ್ಕನ ಕಾಫಿಗೆ! ಎರಡೆಕರೆ ತೋಟಕ್ಕೆ ಹನ್ನೊಂದು ವರ್ಷದಿಂದ ಒಂದು ಹನಿ ಔಷಧಿ ಸೋಕಿಸದವಳು. ಕೆಂಪಾದ ಹಣ್ಣನ್ನಷ್ಟೇ ಕೊಯ್ದು, ಜಾಲರಿ ಮಂಚದ ಮೇಲೆ ಹರಡಿ, ಇಪ್ಪತ್ತು ದಿನ ಗಂಟೆಗೊಮ್ಮೆ ಕೈಯಾಡಿಸಿದವಳು. ಈಗ ಸಂಘದಿಂದಲೇ ಹೆಸರು ತೆಗೆಯುತ್ತಾರಂತೆ. ತೀರ್ಮಾನ ಹದಿನೈದಕ್ಕೆ.
ಅಕ್ಕ ಅಲ್ಲೂ ಮಾತಾಡಲಿಲ್ಲ, ಮನೆಯಲ್ಲೂ ಇಲ್ಲ. ಯಾಕೆ?

ಫೆಬ್ರವರಿ 10
ಸಂಘಕ್ಕೆ ಕಾಗದ ಬರೆದೆ. ಆರು ವರ್ಷದ ಹಿಂದೆ ಇದೇ ಟೇಸ್ಟರ್ ಮಹಾಶಯ ನಮ್ಮೂರ ಬಡಗಿಯ ತೋಟದ ಕಾಫಿಗೆ 'ಹೊಗೆ ವಾಸನೆ' ಅಂದಿದ್ದ. ಅಂದದ್ದು ಮೈಕಿನಲ್ಲಿ, ತಪ್ಪಾಯಿತೆಂದದ್ದು ಕಿವಿಯಲ್ಲಿ. ನಾನು ಮರೆತಿಲ್ಲ.
ಅಕ್ಕನಿಗೆ ಓದಿ ಹೇಳಿದೆ. "ಬಿಟ್ಟಾಕೋ. ಕೆದಕಿದಷ್ಟೂ ನಾರುತ್ತೆ."
ನಾರುವುದೇನು? ಅರ್ಥವಾಗಲಿಲ್ಲ.

ಫೆಬ್ರವರಿ 13, ಮಧ್ಯಾಹ್ನ
ಉಳಿದ ಮೂಟೆಯಿಂದ ಒಂದು ಹಿಡಿ ಹುರಿದು ಕುಡಿದೆ. ಯಾವ ವಾಸನೆಯೂ ಇಲ್ಲ! ಸಾಕ್ಷಿಗಿರಲೆಂದು ಅಂಚೆಯವನಿಗೂ ಒಂದು ಲೋಟ. ಮುಖ ಕಿವುಚಿದ. "ಸಾರ್, ನಿಮ್ಮ ಪುಸ್ತಕದ ಕೋಣೆನೇ ಕುಡಿದಂಗಿದೆ."
ಪುಸ್ತಕದ ಕೋಣೆ... ತೇವ ತಾಗದಿರಲೆಂದು ಒಣಗಿದ ಮೂಟೆಗಳನ್ನು ಅಲ್ಲಿಟ್ಟವನು ನಾನು. ಕಪಾಟುಗಳ ತುಂಬ ಹುಳಕ್ಕೆಂದು ಇಟ್ಟ ನುಸಿಗುಳಿಗೆ, ಅದರ ಘಾಟು ಬೀಜಕ್ಕೆ ಹತ್ತಿದೆ. ಮೂವತ್ತು ವರ್ಷ ಅದರಲ್ಲೇ ಉಸಿರಾಡಿದ ಮೂಗು ನನ್ನದು.
"ನಿಂಗೆ ಗೊತ್ತಿತ್ತಾ, ಅಕ್ಕ?"
"ಸಭೇಲಿ ಕಪ್ ಮೂಗಿನ ಹತ್ರ ಹಿಡಿದಾಗಲೇ."
"ಬಾಯಿ ಬಿಡೋಕೇನಾಗಿತ್ತು?"
"ಅಷ್ಟು ಜನರೆದುರು ನಿನ್ನನ್ನ ತೋರಿಸ್ಲಾ? ಪುಸ್ತಕದ ಹುಳಕ್ಕೇ ಗುಳಿಗೆ ಇಟ್ಟಳು ಅಂತಿದ್ರು." ನಕ್ಕಳು. ನನಗೆ ನಗು ಬರಲಿಲ್ಲ.

ಫೆಬ್ರವರಿ 14
ಕಾಗದ ಹರಿಯಲೋ, ಬೇಡವೋ? ತಪ್ಪು ನನ್ನದು. ಹಾಗಾದರೆ ಅವನು ಹೇಳಿದ್ದು ಸರಿಯೇ? ವಾಸನೆ ಇದ್ದದ್ದು ನಿಜ. ಹೊಡೆದದ್ದು ಸುಳ್ಳು. ಎರಡೂ ಒಂದೇ ಲೋಟದಲ್ಲಿ... ತಲೆ ಮೊಸರುಗಡಿಗೆ.

ಫೆಬ್ರವರಿ 15, ಬೆಳಿಗ್ಗೆ 9
ಹೊಸ ಕಾಗದ. ಮೊದಲ ಸಾಲಿನಲ್ಲೇ ನನ್ನ ತಪ್ಪು, ಸಭೆಯಲ್ಲಿ ನಾನೇ ಓದುತ್ತೇನೆ. ಅಕ್ಕ ಬೇಡವೆಂದಳು, ನಾನು ಕೇಳಲಿಲ್ಲ. ಎರಡನೆಯ ಸಾಲು: ವಾಸನೆ ಹಿಡಿದ ಮೂಗಿಗೆ ನಮಸ್ಕಾರ, 'ಕದ್ದು' ಎಂದ ನಾಲಿಗೆ ಲೆಕ್ಕ ಒಪ್ಪಿಸಲಿ.
ಸಭೆಗೆ ಹೊರಡಲು ಅಕ್ಕ ಚಪ್ಪಲಿ ಮೆಟ್ಟಿ ನಿಂತಿದ್ದಾಳೆ. ಇನ್ನೊಂದೇ ಸಾಲು — ಅದೇ ಸಭೆಯಲ್ಲಿ, ಅದೇ ಮೈಕಿನಲ್ಲಿ ಉತ್ತರ ಕೊಡಿ, ಕಿವಿಯಲ್ಲಲ್ಲ: ಇವಳು ಔಷಧಿ ಹೊಡೆದದ್ದನ್ನು ಯಾವ ದಿನ, ಯಾರು ಕಣ್ಣಾರೆ —