ಸೇತುವೆ ನಿಂತಿದೆ

ಗುರುವಾರ, ಮಧ್ಯಾಹ್ನ

ಮನೆಯವರಿಗೆ,

ಮನೆ ಬಿಟ್ಟು ಹೋದವರನ್ನು ಹೀಗೆ ಕರೆಯಬಹುದೋ ಇಲ್ಲವೋ, ನನಗೆ ಬೇರೆ ರೂಢಿಯಿಲ್ಲ. ನಿಮ್ಮ ಕಾಗದ ಬಂತು. ನನ್ನ ಆರೋಗ್ಯ ಕೇಳಲು ಮರೆತಿದ್ದೀರಿ, ಪರವಾಗಿಲ್ಲ, ಸೇತುವೆಯದ್ದನ್ನು ಎರಡು ಸಲ ಕೇಳಿದ್ದೀರಿ.

ಸೇತುವೆ ನಿಂತಿದೆ. ಹಿತ್ತಲಿನ ಕಲ್ಲುಗುಡ್ಡೆಯಿಂದ ಬಾವಿಕಟ್ಟೆಯವರೆಗೆ, ಎದೆಯೆತ್ತರದಲ್ಲಿ, ನೀವು ಸಣ್ಣ ಸಣ್ಣ ಮರದ ಪಟ್ಟಿ ಅಂಟಿಸಿ ಕಟ್ಟಿದ ಹಾಗೆಯೇ. ಮೊನ್ನೆ ಪಕ್ಕದ ಮನೆಯ ಟೈಲರು ಬೇಲಿಯಾಚೆಯಿಂದ ನೋಡಿ, ಅಕ್ಕನಿಗೊಂದು ಕಪಾಟು ಮಾಡಿಕೊಡದ ಭಾವ ಆಟದ ರೈಲಿಗೆ ಅರಮನೆಯನ್ನೇ ಕಟ್ಟಿದ್ದಾರಲ್ಲ ಎಂದು ನಕ್ಕ. ನಾನೂ ನಕ್ಕೆ.

ಭಾನುವಾರ ನಿಮ್ಮ ರೈಲು ಸಂಘದವರೆಲ್ಲ ಬರುತ್ತಾರೆ, ಅಧ್ಯಕ್ಷರು ತಮ್ಮ ಹಿತ್ತಾಳೆ ಎಂಜಿನ್ನನ್ನೇ ಅದರ ಮೇಲೆ ಓಡಿಸುತ್ತಾರೆ, ಮೆಚ್ಚಿದರೆ ಮುಂದಿನ ಅಧ್ಯಕ್ಷರು ನೀವೇ ಎಂದು ಬರೆದಿದ್ದೀರಿ. ಸಂತೋಷ. ಕುರ್ಚಿ ಹಾಕಿಸುತ್ತೇನೆ, ಕಾಫಿ ಕಾಸುತ್ತೇನೆ. ಆದರೆ ನಿಮ್ಮ ತಂಗಿ ಬಂದು ನೋಡಿಕೊಂಡು ಹೋಗಿ ಬಳ್ಳಿ ಹಬ್ಬಿದ ವರದಿ ಒಪ್ಪಿಸಿದ್ದಾಳಲ್ಲ, ಆ ಹಾಳು ಬಳ್ಳಿ ಕಿತ್ತು ಹಾಕು, ಒಂದೊಂದು ಕಂಬವೂ ಕಾಣಬೇಕು ಎಂದಿದ್ದೀರಲ್ಲ, ಅದೊಂದು ವಿಷಯ ಹೇಳಬೇಕು.

ಕಂಬಗಳಿಗೆ ಗೆದ್ದಲು ಹಿಡಿದಿದೆ. ಹೋಗುವ ದಿನ ಬಾಗಿಲಲ್ಲಿ ನಿಂತು ನೀವು ಹೇಳಿದ ಮಾತು ಒಂದೇ, ಮಳೆಗೆ ಮುಂಚೆ ಕಂಬಗಳಿಗೆ ಎಣ್ಣೆ ಬಳಿ ಎಂದು. ಹೋಗಿ ಬರುತ್ತೇನೆ ಎನ್ನಲಿಲ್ಲ. ಎಣ್ಣೆ ಡಬ್ಬಿ ಇಟ್ಟಲ್ಲೇ ಇದೆ. ಮೊದಮೊದಲು ಮರೆತೆ, ಆಮೇಲೆ ಮರೆಯಲಿಲ್ಲ. ಈಗ ಬೆರಳಿನಿಂದ ಒತ್ತಿದರೆ ಮರ ರವೆಯ ಹಾಗೆ ಉದುರುತ್ತದೆ. ನೀವು ಬಳಿದ ಬಣ್ಣ ಮಾತ್ರ ಹೊಸದರಂತಿದೆ.

ಆದರೂ ಬಿದ್ದಿಲ್ಲವಲ್ಲ, ಅದು ಬಳ್ಳಿಯ ದಯೆ. ಹೆಬ್ಬೆರಳು ದಪ್ಪಕ್ಕೆ ಕಂಬ ಕಂಬವನ್ನೂ ಸುತ್ತಿ, ಆ ತುದಿಯಲ್ಲಿ ಬಾವಿಯ ರಾಟೆಯ ಕಬ್ಬಿಣವನ್ನೂ ಈ ತುದಿಯಲ್ಲಿ ಬೇಲಿಯನ್ನೂ ಹಿಡಿದು, ಇಡೀ ಸೇತುವೆಯನ್ನು ಕೂಸಿನ ಹಾಗೆ ಎತ್ತಿಕೊಂಡಿದೆ. ಕಿತ್ತರೆ ಬುಟ್ಟಿಗೆ ತುಂಬುವಷ್ಟು ಪುಡಿ. ಬಿಟ್ಟರೆ ಎಂಜಿನ್ನಿಗೆ ದಾರಿಯಿಲ್ಲ, ಹಳಿಯ ಮೇಲೆಲ್ಲ ಅದೇ ಮಲಗಿದೆ. ಬರುವವರಿಗೆ ಏನು ತೋರಿಸಬೇಕೋ ನೀವೇ ಯೋಚಿಸಿ. ಬೇಡ ಎನ್ನಲು ಈಗ ಆಗದು. ಅಧ್ಯಕ್ಷರ ಹೆಂಡತಿಗೆ ನಾನೇ ಫೋನ್ ಮಾಡಿ, ಮಳೆ ಬಂದರೂ ತಪ್ಪಿಸಬೇಡಿ ಎಂದು ಹೇಳಿಬಿಟ್ಟಿದ್ದೇನೆ. ಪಾಪ, ತುಂಬ ಖುಷಿಪಟ್ಟರು.

ತಂಗಿಯ ಮನೆಯ ಊಟ ಒಗ್ಗಿತೇ? ಹೊತ್ತಿಗೆ ಸರಿಯಾಗಿ ಉಣ್ಣಿ.

ಇಂತಿ,
ನಿಮ್ಮ ಸೇತುವೆಯ ಕಾವಲಿಗಿದ್ದವಳು

ಮರೆತಿದ್ದೆ. ಬಳ್ಳಿ ಎಲ್ಲಿಂದ ಬಂತು ಎಂದು ಕೇಳಿದ್ದೀರಿ. ಅಮ್ಮ ಕೊನೆಯ ಸಲ ಬಂದಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ನೆಟ್ಟದ್ದು. ಅವಳು ತೀರಿಕೊಂಡ ವಾರವೇ, ಮೊದಲ ಕಂಬದ ಗುಂಡಿ ತೋಡಲೆಂದು ನೀವು ಕಿತ್ತೆಸೆದಿರಿ. ಗಿಡ ತಾನೇ, ಇನ್ನೊಂದು ಬರುತ್ತದೆ ಎಂದಿರಿ. ಒಂದು ತುಂಡನ್ನು ಬಚ್ಚಲಿನ ಕಿಟಕಿಯಲ್ಲಿ ಬಾಟಲಿ ನೀರಿಗೆ ಹಾಕಿ ಉಳಿಸಿಕೊಂಡಿದ್ದೆ. ದಿನಾ ಅದರ ಪಕ್ಕದಲ್ಲೇ ನಿಂತು ಗಡ್ಡ ಬೋಳಿಸಿಕೊಂಡಿರಿ. ನೀವು ಹೋದ ಮೇಲೆ ಅದನ್ನು ಅದೇ ಜಾಗದಲ್ಲಿ ನೆಟ್ಟೆ. ನಿಮ್ಮ ಮಾತು ಸುಳ್ಳಾಗಲಿಲ್ಲ, ಇನ್ನೊಂದು ಬಂತು. ಕತ್ತರಿಗೆ ಸಾಣೆ ಹಿಡಿಸಿ ಮೊದಲ ಕಂಬದ ಬುಡದಲ್ಲಿ ಇಟ್ಟಿದ್ದೇನೆ. ಈ ಸಲವೂ ನಿಮ್ಮ ಕೈಯಿಂದಲೇ ಆಗಲಿ.